ನೆಲ ಬಿಟ್ಟು ನಿಂತ ಬ್ಯಾಂಕು

ಬಾಯಿ ತೆರೆದು ಗರ್ಜಿಸುವವನು ಸ್ಟೀಫನ್, ತುಟಿ ಬಿಗಿದು ಕೂತವನು ಸ್ಟಿಟ್. ಹಾಂಕಾಂಗಿನ ಸೆಂಟ್ರಲ್‌ನಲ್ಲಿ ಎಚ್‌ಎಸ್‌ಬಿಸಿ ಕೇಂದ್ರ ಕಚೇರಿಯ ಮುಂದಿರುವ ಈ ಎರಡು ಕಂಚಿನ ಸಿಂಹಗಳಿಗೆ ಬ್ಯಾಂಕಿನ ಇಬ್ಬರು ಹಳೆಯ ಮ್ಯಾನೇಜರುಗಳ ಹೆಸರು. ಆ ಇಬ್ಬರ ಸ್ವಭಾವವೂ ಹಾಗೇ ಇತ್ತು, ಒಬ್ಬರದು ಜೋರು ಬಾಯಿ, ಇನ್ನೊಬ್ಬರು ಮಿತಭಾಷಿ ಅನ್ನುವ ಮಾತಿದೆ. ಸಾಹೇಬರಿಗೆ ಕೆಳಗಿನವರು ಅಡ್ಡಹೆಸರು ಇಡುವುದು ಎಲ್ಲ ಬ್ಯಾಂಕಿನಲ್ಲೂ ಇದ್ದದ್ದೇ. ಇಲ್ಲಿ ಸಾಹೇಬರ ಹೆಸರೇ ಸಿಂಹಕ್ಕೆ ಬಂದಿದೆ.

ಸ್ಟೀಫನ್‌ನ ಹಿಂಬದಿಯ ಎಡ ಮಗ್ಗುಲನ್ನು ಹತ್ತಿರದಿಂದ ನೋಡಿದರೆ ಕಂಚು ಕಿತ್ತುಹೋದ ಗುರುತುಗಳು ಕಾಣುತ್ತವೆ. 1941ರ ಡಿಸೆಂಬರಿನಲ್ಲಿ ಜಪಾನೀಯರು ಹಾಂಕಾಂಗಿನ ಮೇಲೆ ಬಿದ್ದಾಗ ಆದ ಗಾಯ. ಊರು ಕೈವಶವಾದ ಮೇಲೆ ಕರಗಿಸಿ ಯುದ್ಧಕ್ಕೆ ಬಳಸಲೆಂದು ಎರಡನ್ನೂ ಹಡಗಿಗೆ ಹೇರಿ ಜಪಾನಿಗೆ ಸಾಗಿಸಿದರು. ಕರಗಿಸುವ ಸರದಿ ಬರುವ ಮೊದಲೇ ಯುದ್ಧ ಮುಗಿಯಿತು. ಒಸಾಕಾದಲ್ಲಿ ಬಿದ್ದಿದ್ದ ಅವುಗಳನ್ನು ಅಮೆರಿಕದ ನಾವಿಕನೊಬ್ಬ ಗುರುತಿಸಿದ. 1946ರಲ್ಲಿ ಸಿಂಹಗಳು ಊರಿಗೆ ಮರಳಿದವು. ಆ ಗಾಯದ ಕಲೆಗಳನ್ನು ಬ್ಯಾಂಕು ಮುಚ್ಚಿಸಲಿಲ್ಲ. 2020ರ ಜನವರಿ 1ರಂದು ಪ್ರತಿಭಟನೆಯ ಗದ್ದಲದಲ್ಲಿ ಯಾರೋ ಅದೇ ಸಿಂಹಗಳಿಗೆ ಕೆಂಪು ಬಣ್ಣ ಎರಚಿ ಬೆಂಕಿ ಹಚ್ಚಿದರು. ಅದನ್ನು ಮಾತ್ರ ತಿಂಗಳುಗಟ್ಟಲೆ ತೊಳೆಸಿ, ತಿದ್ದಿಸಿ, ಹೊಳಪು ಬರಿಸಿ ಆಮೇಲೆ ಜನರ ಕಣ್ಣಿಗೆ ಬಿಟ್ಟರು. ಯಾವ ಗಾಯವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಅನ್ನುವ ಲೆಕ್ಕ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು.

ಇಷ್ಟು ಗತ್ತಿನ ಕಾವಲುಗಾರರನ್ನು ದಾಟಿ ಒಳಗೆ ಕಾಲಿಟ್ಟರೆ ಅಲ್ಲಿ ಏನೂ ಇಲ್ಲ. ಕಾವಲು ಇದೆ, ಬಾಗಿಲೇ ಇಲ್ಲ. ಕಟ್ಟಡದ ಅಡಿ ಪೂರ್ತಿ ಖಾಲಿ ಬಯಲು. ಡೆ ವೂ ರಸ್ತೆಯಿಂದ ಕ್ವೀನ್ಸ್ ರಸ್ತೆಗೆ ಯಾರನ್ನೂ ಕೇಳದೆ ನಡೆದು ಹೋಗಬಹುದು. ತಲೆ ಎತ್ತಿದರೆ ಗಾಜಿನ ಚಾವಣಿ, ಅದರಾಚೆ ಹತ್ತು ಮಹಡಿ ಎತ್ತರದ ಖಾಲಿ ಜಾಗ, ಅದರ ಸುತ್ತ ಬ್ಯಾಂಕಿನವರ ಮೇಜು-ಕುರ್ಚಿ. ಜಗತ್ತಿನ ಅತಿ ತುಟ್ಟಿ ನೆಲಗಳಲ್ಲಿ ಒಂದರ ಮೇಲೆ, ನೆಲವನ್ನೇ ಬಿಟ್ಟು ಮೇಲೆ ಕಟ್ಟಿದ್ದಾರೆ. ಈ ಕಟ್ಟಡದ ಬಗ್ಗೆ ಬರೆಯುವವರೆಲ್ಲ ಮೇಲೆ ನೋಡುತ್ತಾರೆ. ನನಗೆ ಇದರ ಚರಿತ್ರೆ ಕೆಳಗೇ ಹೆಚ್ಚು ನಡೆದಿದೆ ಅನ್ನಿಸುತ್ತದೆ.

ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1865ರಲ್ಲಿ ಥಾಮಸ್ ಸದರ್ಲೆಂಡ್ ಎಂಬ ಹಡಗು ಕಂಪನಿಯ ಸ್ಕಾಟಿಷ್ ಅಧಿಕಾರಿಯ ಮುಂದಾಳತ್ವದಲ್ಲಿ ಹಾಂಕಾಂಗಿನ ವರ್ತಕರು ತಮ್ಮದೇ ಒಂದು ಬ್ಯಾಂಕು ಕಟ್ಟಿಕೊಂಡರು. ಶುರುಮಾಡಿದವರಲ್ಲಿ ಬಾಂಬೆ ಮೂಲದ ಪಾರ್ಸಿಗಳೂ ಇದ್ದರು. ಆ ಕಾಲದ ಚೀನಾ ವ್ಯಾಪಾರದಲ್ಲಿ ಚಹಾ, ರೇಷ್ಮೆ, ಬೆಳ್ಳಿ ಎಷ್ಟೋ ಅಷ್ಟೇ ನಮ್ಮ ಬಿಹಾರ, ಮಾಳವದ ಹೊಲಗಳಿಂದ ಹೋಗುತ್ತಿದ್ದ ಅಫೀಮೂ ಇತ್ತು ಅನ್ನುವುದನ್ನು ಮರೆಯುವ ಹಾಗಿಲ್ಲ. ಮೊದಲು ಬಾಡಿಗೆ ಮನೆ. 1886ರಲ್ಲಿ ಅದೇ ಜಾಗದಲ್ಲಿ ಗುಮ್ಮಟ, ಜಗಲಿ, ಕಂಬಗಳ ಸ್ವಂತ ಕಟ್ಟಡ. 1930ರ ದಶಕದಲ್ಲಿ ಅದನ್ನೂ ಕೆಡವಿದರು. ಆಗಿನ ಮುಖ್ಯಸ್ಥ ವ್ಯಾಂಡಲೂರ್ ಗ್ರೇಬರ್ನ್ ವಾಸ್ತುಶಿಲ್ಪಿಗೆ ಕೊಟ್ಟ ಅಪ್ಪಣೆ ಒಂದೇ ಸಾಲಿನದು: ಜಗತ್ತಿನಲ್ಲೇ ಅತ್ಯುತ್ತಮ ಬ್ಯಾಂಕು ಕಟ್ಟಿಕೊಡಿ. 1935ರಲ್ಲಿ ಎದ್ದ ಆ ಕಟ್ಟಡಕ್ಕೆ ಹವಾನಿಯಂತ್ರಣವಿತ್ತು. ಕೈರೋದಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಇಷ್ಟೆತ್ತರದ್ದು ಇನ್ನೊಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಸಿಂಹಗಳು ಬಂದದ್ದೂ ಆಗಲೇ, ಶಾಂಘೈನಲ್ಲಿ ಎರಕ ಹೊಯ್ಯಿಸಿಕೊಂಡು. ಆರು ವರ್ಷ ಕಳೆಯುವಷ್ಟರಲ್ಲಿ ಆ ಅತ್ಯುತ್ತಮ ಬ್ಯಾಂಕಿನಲ್ಲಿ ಜಪಾನೀ ಆಡಳಿತ ಬೀಡುಬಿಟ್ಟಿತು. ಗ್ರೇಬರ್ನ್ ಬಂಧನದಲ್ಲಿದ್ದ ತಮ್ಮವರಿಗೆ ಗುಟ್ಟಾಗಿ ಹಣ ಮುಟ್ಟಿಸಿ ಸಿಕ್ಕಿಬಿದ್ದರು. 1943ರಲ್ಲಿ ಸ್ಟ್ಯಾನ್ಲಿ ಜೈಲಿನಲ್ಲೇ ತೀರಿಕೊಂಡರು.

ಎದುರಿಗಿರುವ ಸ್ಟ್ಯಾಚ್ಯೂ ಸ್ಕ್ವೇರಿನ ಮಾತನ್ನೂ ಇಲ್ಲೇ ಹೇಳಬೇಕು. ಬ್ಯಾಂಕಿನ ಮುಂದಿನ ಜಾಗ ಎಂದೆಂದಿಗೂ ಖಾಲಿಯಾಗಿಯೇ ಇರಬೇಕು ಅಂತ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬ್ಯಾಂಕು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಒಂದು ಕಾಲಕ್ಕೆ ಅಲ್ಲಿ ವಿಕ್ಟೋರಿಯಾ ರಾಣಿಯಾದಿಯಾಗಿ ರಾಜಮನೆತನದ ವಿಗ್ರಹಗಳಿದ್ದವು. ಇವತ್ತು ಉಳಿದಿರುವುದು ಒಬ್ಬರದೇ, ಬ್ಯಾಂಕಿನ ಮುಖ್ಯಸ್ಥರಾಗಿದ್ದ ಸರ್ ಥಾಮಸ್ ಜ್ಯಾಕ್ಸನ್ ಅವರದು. ರಾಣಿ ಹೋದರು, ಮ್ಯಾನೇಜರು ಉಳಿದರು. ಆ ವಿಗ್ರಹ ನಿಂತದ್ದು 1906ರಲ್ಲಿ. ಕರಾವಳಿಯವನಾದ ನನಗೆ ಆ ಇಸವಿ ಕಂಡರೆ ಬೇರೆಯದೇ ನೆನಪಾಗುತ್ತದೆ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಮೂಲವಾದ ಹಿಂದೂ ಪರ್ಮನೆಂಟ್ ಫಂಡ್ ಶುರುಮಾಡಿದರು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದನ್ನು ಕಟ್ಟಿದರು. ನಮ್ಮ ಕಡೆ ಬ್ಯಾಂಕು ಅಂದರೆ ಪರಿಚಯದವರ ಮುಖ, ನಂಬಿಕೆಯ ಮಾತು. ಕಟ್ಟಡ ಆಮೇಲಿನದು. ಹಾಂಕಾಂಗಿನಲ್ಲಿ ಕಟ್ಟಡವೇ ಮಾತಾಡುತ್ತಿತ್ತು.

ಹಾಗಾಗಿಯೇ 1979ರಲ್ಲಿ ಹೊಸದನ್ನು ಕಟ್ಟಲು ಹೊರಟಾಗ ಅವರು ಆರಿಸಿಕೊಂಡ ವ್ಯಕ್ತಿ ಸೋಜಿಗ ಹುಟ್ಟಿಸುತ್ತಾರೆ. ಏಳು ಸಂಸ್ಥೆಗಳನ್ನು ಸ್ಪರ್ಧೆಗೆ ಕರೆದು ಕೊನೆಗೆ ಒಪ್ಪಿಕೊಂಡದ್ದು ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರನ್ನು. ಮೂರ್ನಾಲ್ಕು ಮಹಡಿಗಿಂತ ಎತ್ತರ ಕಟ್ಟಿದ ಅನುಭವವೇ ಆಗ ಅವರಿಗಿರಲಿಲ್ಲ. ಬ್ಯಾಂಕಿನ ಬೇಡಿಕೆಯೂ ಸಲೀಸಾದದ್ದಲ್ಲ. ಹಳೆಯ ಕಟ್ಟಡದಲ್ಲಿ ವ್ಯವಹಾರ ಒಂದು ದಿನವೂ ನಿಲ್ಲದ ಹಾಗೆ, ಬೇಕಿದ್ದರೆ ಅದರ ದೊಡ್ಡ ಹಜಾರವನ್ನು ಉಳಿಸಿಕೊಂಡೇ, ಹಂತಹಂತವಾಗಿ ಹೊಸದನ್ನು ಮಾಡಿಕೊಡುವ ದಾರಿ ಹೇಳಿ ಅಂದರು. ಹಳೆಯದರ ನೆತ್ತಿಯ ಮೇಲೆ ಹೊಸದನ್ನು ಕಟ್ಟಬೇಕಾದರೆ ನಡುವೆ ಕಂಬ ಇಳಿಸುವ ಹಾಗಿಲ್ಲ. ಸೇತುವೆಯ ರೀತಿ ಎರಡು ಬದಿಯಲ್ಲಿ ಆಧಾರ ಕೊಟ್ಟು ಮಹಡಿಗಳನ್ನು ಮೇಲಿನಿಂದ ತೂಗುಬಿಡಬೇಕು. ಕಡೆಗೆ ಹಳೆಯ ಕಟ್ಟಡವನ್ನು 1981ರಲ್ಲಿ ಪೂರ್ತಿ ಕೆಡವಿಯೇಬಿಟ್ಟರು. ಆದರೆ ತೂಗುಬಿಡುವ ಉಪಾಯ ಉಳಿದುಕೊಂಡಿತು. ಕೆಳಗಿನ ಖಾಲಿ ಜಾಗದ ಹುಟ್ಟು ಇಲ್ಲಿದೆ.

ಹಳೆಯ ಅಡುಗೆಮನೆಗಳಲ್ಲಿ ತೊಲೆಗೆ ಹಗ್ಗ ಕಟ್ಟಿ ಒಂದರ ಮೇಲೊಂದು ಮಡಕೆ ಇಳಿಬಿಡುತ್ತಿದ್ದ ನೆಲುವನ್ನು ನೋಡಿದವರಿಗೆ ಈ ಕಟ್ಟಡ ಅರ್ಥವಾಗಿಬಿಡುತ್ತದೆ. ಎಂಟು ಉಕ್ಕಿನ ಕಂಬಗಳು. ಕಂಬ ಅಂದರೆ ಒಂದೊಂದೂ ನಾಲ್ಕು ದಪ್ಪ ಕೊಳವೆಗಳ ಕಟ್ಟು. ಐದು ಎತ್ತರಗಳಲ್ಲಿ ಆ ಕಂಬಗಳಿಗೆ ಅಡ್ಡಲಾಗಿ ಭಾರಿ ತೊಲೆಕಟ್ಟುಗಳು. ಪ್ರತಿ ತೊಲೆಕಟ್ಟಿನಿಂದ ಅದರ ಕೆಳಗಿನ ಒಂದಷ್ಟು ಮಹಡಿಗಳು ನೇತಾಡುತ್ತವೆ. ಹೊರಗಿನಿಂದ ನೋಡಿದಾಗ ಕಾಣುವ ದೊಡ್ಡ ದೊಡ್ಡ ತ್ರಿಕೋನಗಳು ಅಲಂಕಾರಕ್ಕಲ್ಲ, ಭಾರ ಹೊರುವುದಕ್ಕೆ. ಸಾಮಾನ್ಯವಾಗಿ ಗಗನಚುಂಬಿಯ ನಟ್ಟನಡುವೆ ಲಿಫ್ಟು, ಮೆಟ್ಟಿಲು, ಶೌಚಾಲಯಗಳ ಕಾಂಕ್ರೀಟು ಗಟ್ಟಿ ಇರುತ್ತದೆ, ಕಟ್ಟಡದ ಬೆನ್ನೆಲುಬೇ ಅದು. ಫಾಸ್ಟರ್ ಅದನ್ನೆಲ್ಲ ಅಂಚಿಗೆ ತಳ್ಳಿದರು. ಹೊಟ್ಟೆ ಖಾಲಿಯಾಯಿತು. ಆ ಖಾಲಿ ಹೊಟ್ಟೆಗೆ ಬಿಸಿಲು ತುಂಬಿಸಲು ದಕ್ಷಿಣದ ಗೋಡೆಯ ಹೊರಗೆ ಕನ್ನಡಿಗಳ ಸಾಲು ಕಟ್ಟಿದರು. ಸೂರ್ಯ ಸರಿದ ಹಾಗೆ ಅವು ತಿರುಗಿ ಬೆಳಕನ್ನು ಒಳಗಿನ ಇನ್ನೊಂದು ಕನ್ನಡಿ ಸಾಲಿಗೆ ಎಸೆಯುತ್ತವೆ, ಅದು ಕೆಳಗಿನ ಗಾಜಿನ ತಳದ ತನಕ ಇಳಿಯುತ್ತದೆ. ಕಟ್ಟಡ ತಂಪಾಗಿಸಲು ಸುರಂಗದಲ್ಲಿ ಸಮುದ್ರದ ನೀರು ತರಿಸಿದರು.

30,000 ಟನ್ ಉಕ್ಕು. ಅದು ಬ್ರಿಟನ್ನಿನಿಂದ, ಹೊರಗಿನ ಅಲ್ಯೂಮಿನಿಯಂ ಹೊದಿಕೆ ಅಮೆರಿಕದಿಂದ. ಶೌಚಾಲಯ ಮತ್ತು ಏಸಿ ಯಂತ್ರಗಳ ಕೋಣೆಗಳು ಜಪಾನಿನಿಂದ ಪೆಟ್ಟಿಗೆಗಳಾಗಿ, ನಲ್ಲಿ ಕನ್ನಡಿ ಸಮೇತ ಸಿದ್ಧವಾಗಿ ಹಡಗಿನಲ್ಲಿ ಬಂದವು. ಇಲ್ಲಿ ಎತ್ತಿ ಒಂದರ ಮೇಲೊಂದು ಪೇರಿಸಿದರು. ಕಳಚಿ ಕೂಡಿಸುವ ಈ ರೀತಿಯನ್ನು ನೋಡಿ ಊರಿನಲ್ಲಿ ಒಂದು ಗಾಳಿಮಾತು ಹಬ್ಬಿತು: 1997ರಲ್ಲಿ ಹಾಂಕಾಂಗ್ ಬ್ರಿಟಿಷರ ಕೈಬಿಟ್ಟು ಚೀನಾದ ಕಮ್ಯುನಿಸ್ಟರು ಬಂದರೆ ಬ್ಯಾಂಕಿನವರು ಕಟ್ಟಡವನ್ನೇ ಬಿಚ್ಚಿಕೊಂಡು ಹೋಗುತ್ತಾರಂತೆ! ಗಾಳಿಮಾತಿಗೆ ಕಾರಣವಿಲ್ಲದಿಲ್ಲ. 1982ರಲ್ಲಿ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಬೀಜಿಂಗಿಗೆ ಹೋಗಿ ಬಂದ ಮೇಲೆ ಹಾಂಕಾಂಗಿನ ನಾಳೆ ಏನು ಅಂತ ಯಾರಿಗೂ ತಿಳಿಯದಂತಾಗಿತ್ತು. 1983ರಲ್ಲಿ ಹಾಂಕಾಂಗ್ ಡಾಲರು ಕುಸಿದು, ಕೊನೆಗೆ ಅಮೆರಿಕನ್ ಡಾಲರಿಗೆ 7.8ರಂತೆ ಕಟ್ಟಿಹಾಕಬೇಕಾಯಿತು. ಊರು ಬಿಡುವವರು ಬಿಡುತ್ತಿದ್ದರು. ಅದೇ ಹೊತ್ತಿನಲ್ಲಿ ಬ್ಯಾಂಕು 520 ಕೋಟಿ ಹಾಂಕಾಂಗ್ ಡಾಲರು ಸುರಿದು, ಜಗತ್ತಿನಲ್ಲೇ ಅತಿ ದುಬಾರಿ ಕಟ್ಟಡ ಅನ್ನಿಸಿಕೊಂಡ ಒಂದನ್ನು ಎಬ್ಬಿಸುತ್ತಿತ್ತು. ನಾವು ಎಲ್ಲೂ ಹೋಗುವುದಿಲ್ಲ ಅಂತ ಜಾಹೀರಾತು ಕೊಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಷ್ಟು ಉಕ್ಕನ್ನು ಕಣ್ಣೆದುರು ಏರಿಸಿದರೆ ನಂಬಲೇಬೇಕು. 1985ರ ಕೊನೆಗೆ ಕಟ್ಟಡ ಮುಗಿಯಿತು, 1986ರ ಏಪ್ರಿಲ್‌ನಲ್ಲಿ ವಿಧ್ಯುಕ್ತ ಉದ್ಘಾಟನೆ.

ಇನ್ನು ಫೆಂಗ್ ಶುಯಿ. ಮನೆ ಕಟ್ಟುವ ಮೊದಲು ವಾಸ್ತು ನೋಡಿಸಿ, ಕಟ್ಟಿದ ಮೇಲೆ ಮತ್ತೊಬ್ಬರ ಮಾತು ಕೇಳಿ ಬಾಗಿಲು ಒಡೆಸುವ ನಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಬೆನ್ನಿಗೆ ಬೆಟ್ಟ, ಮುಂದೆ ನೀರು, ನಡುವೆ ತಡೆಯಿಲ್ಲದ ನೋಟ. ಬ್ಯಾಂಕಿಗೆ ವಿಕ್ಟೋರಿಯಾ ಪೀಕ್ ಬೆನ್ನು, ಬಂದರು ಮುಖ, ಸ್ಟ್ಯಾಚ್ಯೂ ಸ್ಕ್ವೇರ್ ನಡುವಿನ ಅಂಗಳ. ಒಳ್ಳೆಯ ಗಾಳಿ ಅಡ್ಡಿಯಿಲ್ಲದೆ ಬೆಟ್ಟದಿಂದ ಸಮುದ್ರಕ್ಕೆ ಹರಿಯಲಿ ಅಂತಲೇ ನೆಲಮಟ್ಟ ಖಾಲಿ ಬಿಟ್ಟಿದ್ದಾರೆ ಅನ್ನುವವರೂ ಇದ್ದಾರೆ. ನಿಜವಾದ ಕಾರಣಗಳಲ್ಲಿ ಒಂದು ಲೆಕ್ಕಾಚಾರದ್ದು: ನೆಲವನ್ನು ಜನರ ಓಡಾಟಕ್ಕೆ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಮೇಲೆ ಹೆಚ್ಚು ಜಾಗ ಕಟ್ಟಿಕೊಳ್ಳುವ ಅನುಮತಿ ಸಿಕ್ಕಿತು. ಆದರೆ ಎರಡು ಎಸ್ಕಲೇಟರುಗಳು ನೇರ ನಿಲ್ಲದೆ ಓರೆಯಾಗಿ ನಿಂತಿರುವುದು ಫೆಂಗ್ ಶುಯಿ ಪಂಡಿತರ ಸಲಹೆಯಿಂದಲೇ. ಕಂಪ್ಯೂಟರು ತಿರುಗಿಸುವ ಕನ್ನಡಿ ಹಾಕಿಸಿದ ಬ್ಯಾಂಕೇ ಮೆಟ್ಟಿಲ ದಿಕ್ಕಿಗೆ ಪಂಡಿತರನ್ನು ಕೇಳಿತು. ನನಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಠೇವಣಿ ಇಡುವವರು ನಂಬುವುದನ್ನು ಬ್ಯಾಂಕು ನಂಬಲೇಬೇಕು.

ನೂರಾರು ಮೀಟರು ದೂರದಲ್ಲೇ ಇದರ ಪ್ರತಿಸ್ಪರ್ಧಿ ಏಳುತ್ತಿತ್ತು. ಬ್ಯಾಂಕ್ ಆಫ್ ಚೀನಾದ ಪೈಪೋಟಿ ಹೊಸದಲ್ಲ. 1950ರ ದಶಕದ ಆರಂಭದಲ್ಲೇ ಅವರು ಪಕ್ಕದಲ್ಲೇ ಎಚ್‌ಎಸ್‌ಬಿಸಿಗಿಂತ ಚೂರು ಎತ್ತರ ಬರುವ ಹಾಗೆ ಒಂದು ಕಟ್ಟಡ ಎಬ್ಬಿಸಿದ್ದರು. 1967ರ ಗಲಭೆಯ ದಿನಗಳಲ್ಲಿ ಅದರ ಮೇಲೆ ಧ್ವನಿವರ್ಧಕ ಕಟ್ಟಿ ಮಾವೋ ಘೋಷಣೆಗಳನ್ನು ಕೂಗಿಸುತ್ತಿದ್ದರು. ಬ್ರಿಟಿಷ್ ಆಡಳಿತ ತನ್ನ ಕಟ್ಟಡದ ಮೇಲೆ ಇನ್ನೂ ದೊಡ್ಡ ಧ್ವನಿವರ್ಧಕ ಇಟ್ಟು ಹಾಡು ಹಾಕಿಸಿತು. ಎರಡರ ಮಧ್ಯೆ ಕೂತು ಲೆಡ್ಜರ್ ಬರೆದವರ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಹೊಸ ಗೋಪುರಕ್ಕೆ ಬ್ಯಾಂಕ್ ಆಫ್ ಚೀನಾ ಕರೆದದ್ದು ಅಮೆರಿಕದಲ್ಲಿದ್ದ ಚೀನೀ ಮೂಲದ ವಾಸ್ತುಶಿಲ್ಪಿ ಐ. ಎಂ. ಪೇ ಅವರನ್ನು. ಕ್ರಾಂತಿಗೆ ಮೊದಲು ಅದೇ ಬ್ಯಾಂಕಿನ ಹಾಂಕಾಂಗ್ ಶಾಖೆ ನಡೆಸಿದವರು ಪೇ ಅವರ ತಂದೆ. ನ್ಯೂಯಾರ್ಕಿನಲ್ಲಿದ್ದ ಆ ವೃದ್ಧರ ಬಳಿಗೆ ಹೋಗಿ, ನಿಮ್ಮ ಮಗನಿಗೆ ಈ ಕೆಲಸ ಒಪ್ಪಿಸಬಹುದೇ ಅಂತ ಬ್ಯಾಂಕಿನವರು ಕೇಳಿದರಂತೆ. ಸಿಕ್ಕ ಜಾಗ ಅಷ್ಟಕ್ಕಷ್ಟೆ. ಬ್ರಿಟಿಷ್ ಸೈನ್ಯದ ಮರ್ರೆ ಹೌಸ್ ಇದ್ದ ನೆಲ, ಯುದ್ಧಕಾಲದಲ್ಲಿ ಜಪಾನೀ ಮಿಲಿಟರಿ ಪೊಲೀಸರು ಜನರನ್ನು ಹಿಂಸಿಸಿದ ತಾಣ, ದೆವ್ವವಿದೆ ಅಂತ ಹೆಸರು. ಮೊದಲ ನಕ್ಷೆಯಲ್ಲಿ ಗೋಡೆಯ ಮೇಲೆ ಓರೆ ತೊಲೆಗಳು ದೊಡ್ಡ ದೊಡ್ಡ ಕತ್ತರಿ ಗುರುತುಗಳಾಗಿ ಕಂಡು ಅಪಶಕುನ ಅನ್ನಿಸಿತು. ಪೇ ಅಡ್ಡ ತೊಲೆಗಳನ್ನು ಮರೆಮಾಡಿ ಅವನ್ನೇ ವಜ್ರದ ಆಕಾರ ಮಾಡಿದರು. ಬಿದಿರು ಮೊಳೆತ ಹಾಗೆ ಮೇಲೇರುತ್ತದೆ ಅಂತ ವಿವರಣೆ ಕೊಟ್ಟರು. 1988ರ ಎಂಟನೇ ತಿಂಗಳ ಎಂಟನೇ ತಾರೀಕು, ಚೀನೀಯರಿಗೆ ಅದಕ್ಕಿಂತ ಶುಭದಿನವಿಲ್ಲ, ಅವತ್ತು ಕಟ್ಟಡದ ತುದಿ ಮುಟ್ಟಿಸಿದರು. 1990ರಲ್ಲಿ ತೆರೆಯಿತು. ತುದಿಯ ಕಂಬಗಳೂ ಸೇರಿ 367 ಮೀಟರು. ಫಾಸ್ಟರ್ ಅವರದು ಸುಮಾರು 179. ಪೇ ಅವರ ಗೋಪುರಕ್ಕೆ ಖರ್ಚಾದದ್ದು ಸುಮಾರು 13 ಕೋಟಿ ಅಮೆರಿಕನ್ ಡಾಲರು, ಅಂದರೆ ಎಚ್‌ಎಸ್‌ಬಿಸಿಯ ಐದನೇ ಒಂದು ಭಾಗ. ಎತ್ತರದ ಪಂದ್ಯ ಅಲ್ಲಿಗೆ ಮುಗಿಯಿತು.

ಆದರೂ ಜನ ಬಿಡಬೇಕಲ್ಲ. ಪೇ ಅವರ ಗೋಪುರದ ಚೂಪು ಅಂಚುಗಳು ಕತ್ತಿಯ ಅಲಗುಗಳಂತೆ ಗವರ್ನರ್ ಬಂಗಲೆಯತ್ತ, ಎಚ್‌ಎಸ್‌ಬಿಸಿಯತ್ತ ಚಾಚಿವೆ ಅಂದರು. ಗೋಪುರ ಏಳುವ ಕಾಲದಲ್ಲೇ, 1986ರಲ್ಲಿ, ಗವರ್ನರ್ ಎಡ್ವರ್ಡ್ ಯೂಡ್ ಬೀಜಿಂಗಿನಲ್ಲಿ ಹಠಾತ್ತಾಗಿ ತೀರಿಕೊಂಡದ್ದನ್ನೂ ಇದಕ್ಕೇ ಗಂಟುಹಾಕಿದರು. ಬಂಗಲೆಯ ತೋಟದಲ್ಲಿ ಅಲಗಿಗೆ ತಡೆಯಾಗಿ ವಿಲೋ ಮರ ನೆಟ್ಟರು ಅನ್ನುತ್ತಾರೆ. ಎಚ್‌ಎಸ್‌ಬಿಸಿ ನೆತ್ತಿಯ ಮೇಲೆ ಕಿಟಕಿ ಒರೆಸಲು, ದುರಸ್ತಿಗೆ ಇಟ್ಟಿರುವ ಕ್ರೇನುಗಳು ಫಿರಂಗಿಗಳಂತೆ ಕಾಣುತ್ತವೆ. ಅವುಗಳ ಬಾಯಿ ಬ್ಯಾಂಕ್ ಆಫ್ ಚೀನಾದ ಕಡೆಗೇ ಇದೆ ಅಂತ ಪ್ರವಾಸಿಗರಿಗೆ ಹೇಳದ ಗೈಡ್ ಇಲ್ಲ. ಕ್ರೇನು ಕ್ರೇನೇ. ಆದರೆ ಒಂದು ಊರು ತನ್ನ ಭಯವನ್ನು ಬ್ಯಾಂಕುಗಳ ಜಗಳದ ಕತೆಯಾಗಿ ಹೇಳಿಕೊಂಡಿತಲ್ಲ, ಅದು ಸುಳ್ಳಲ್ಲ.

ನಾನು ಇದನ್ನೆಲ್ಲ ಓದಿಕೊಂಡು ಹೋಗಿದ್ದವನು. ಆಫೀಸಿನ ಕೆಲಸದ ಮೇಲೆ ಹೋದಾಗ ಸಿಕ್ಕ ಒಂದು ಭಾನುವಾರ ಕಟ್ಟಡ ನೋಡೋಣ ಅಂತ ಹೋದರೆ ಕಟ್ಟಡ ನೋಡಲು ಕಾಲಿಡಲೂ ಜಾಗವಿರಲಿಲ್ಲ. ಆ ಬಯಲಿನ ತುಂಬ ಹೆಂಗಸರು. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ, ಅಂಚನ್ನು ಮೊಣಕಾಲೆತ್ತರಕ್ಕೆ ಮಡಚಿ ನಿಲ್ಲಿಸಿ ಟೇಪು ಅಂಟಿಸಿ, ಗುಂಪು ಗುಂಪಾಗಿ ಗೋಡೆಯಿರುವ ಕೋಣೆಗಳನ್ನೇ ಮಾಡಿಕೊಂಡಿದ್ದರು. ಚಪ್ಪಲಿ ರಟ್ಟಿನ ಹೊರಗೆ ಸಾಲಾಗಿ ಬಿಟ್ಟಿದ್ದರು. ಒಂದು ಕೋಣೆಯಲ್ಲಿ ಇಸ್ಪೀಟು, ಇನ್ನೊಂದರಲ್ಲಿ ಒಬ್ಬಳು ಮತ್ತೊಬ್ಬಳ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು, ಮತ್ತೊಂದರಲ್ಲಿ ಡಬ್ಬಿ ಬಿಚ್ಚಿ ಅನ್ನ-ಮೀನು. ಒಬ್ಬಾಕೆ ಫೋನನ್ನು ಕಂಬಕ್ಕೆ ಒರಗಿಸಿಟ್ಟು ಮಗುವಿನ ಜೊತೆ ಮಾತಾಡುತ್ತ, ಮಾತಿನ ನಡುವೆ ಊರಿಗೆ ಕಳಿಸುವ ಪೆಟ್ಟಿಗೆಗೆ ಸೋಪು, ಟೂತ್‌ಪೇಸ್ಟು, ಮಕ್ಕಳ ಬೂಟು ತುಂಬುತ್ತಿದ್ದಳು. ಬೂಟಿನೊಳಗೆ ಚಾಕೊಲೇಟು ತುರುಕಿ ಜಾಗ ಉಳಿಸುತ್ತಿದ್ದಳು. ಫಾಸ್ಟರ್ ಅವರ ಕಂಬ ಅಷ್ಟು ಹತ್ತಿರದಿಂದ ನಾನು ನೋಡಿದ್ದು ಆ ಫೋನಿನ ದೆಸೆಯಿಂದ.

ಇವರು ಫಿಲಿಪೀನ್ಸಿನಿಂದ ಮನೆಗೆಲಸಕ್ಕೆ ಬಂದವರು. ಹಾಂಕಾಂಗಿನಲ್ಲಿ ಹೀಗೆ ಹೊರದೇಶದಿಂದ ಬಂದು ಮನೆಗೆಲಸ ಮಾಡುವವರು ಮೂರು ಲಕ್ಷಕ್ಕೂ ಹೆಚ್ಚು, ಹೆಚ್ಚಿನವರು ಫಿಲಿಪೀನ್ಸ್, ಇಂಡೋನೇಷ್ಯಾದವರು. ಕೆಲಸ ಕೊಟ್ಟವರ ಮನೆಯಲ್ಲೇ ವಾಸವಿರಬೇಕು ಅನ್ನುವುದು ಕಾನೂನು. ಏಳು ದಿನಕ್ಕೊಂದು ರಜೆ ಕೊಡಬೇಕು ಅನ್ನುವುದೂ ಕಾನೂನು. ಎರಡನ್ನೂ ಕೂಡಿಸಿ ನೋಡಿ: ರಜೆಯ ದಿನ ಇರಲು ಅವರಿಗೆ ಮನೆಯೇ ಇಲ್ಲ. ಹಾಗಾಗಿ ಬೀದಿಗೆ ಬರುತ್ತಾರೆ. ಹತ್ತಿರದ ಚಾಟರ್ ರಸ್ತೆಯಲ್ಲಿ ಭಾನುವಾರ ವಾಹನ ನಿಲ್ಲಿಸಲು ಶುರುಮಾಡಿದ್ದು 1982ರಲ್ಲಿ, ಅಂಗಡಿಗಳಿಗೆ ಗಿರಾಕಿ ಹೆಚ್ಚಲಿ ಅಂತ. ಬಂದವರು ಗಿರಾಕಿಗಳಲ್ಲ, ಇವರು. ಹತ್ತು ವರ್ಷ ಕಳೆದ ಮೇಲೆ ಅಂಗಡಿಯವರ ಕಡೆಯಿಂದ ತಕರಾರು ಬಂತು, ಇವರನ್ನು ನೆಲಮಾಳಿಗೆಯ ಕಾರ್ ಪಾರ್ಕಿಂಗಿಗೆ ಕಳಿಸಬಾರದೇ ಅನ್ನುವ ಸಲಹೆಯೂ ಬಂತು. ಇವರು ಜಾಗ ಬಿಡಲಿಲ್ಲ. ಬ್ಯಾಂಕಿನ ಅಡಿಯಲ್ಲಿ ಬಿಸಿಲಿಲ್ಲ, ಮಳೆಯಿಲ್ಲ. ಮೇಲೆ ಕೂತವರಲ್ಲಿ ಎಷ್ಟೋ ಜನ ಕೆಲಸಕ್ಕೆ ಬರಲು ಸಾಧ್ಯವಾಗಿರುವುದೇ ಮನೆಯಲ್ಲಿ ಇಂಥವರೊಬ್ಬರು ಮಗು ನೋಡಿಕೊಳ್ಳುವುದರಿಂದ. ವಾರದಲ್ಲಿ ಒಂದು ದಿನವಾದರೂ ಈ ಕಟ್ಟಡ ತನ್ನ ಸಾಲ ತೀರಿಸುತ್ತದೆ ಅಂದುಕೊಳ್ಳೋಣವೇ? ಬಾಡಿಗೆ ಕೇಳದಿರುವುದನ್ನೇ ಔದಾರ್ಯ ಅನ್ನುವುದಾದರೆ ಸರಿ.

ಯಾಕೆಂದರೆ ಆ ನೆಲದ ಯಜಮಾನ ಯಾರು ಅನ್ನುವುದು 2012ರಲ್ಲಿ ಸ್ಪಷ್ಟವಾಯಿತು. ಹಿಂದಿನ ವರ್ಷ ಅಕ್ಟೋಬರಿನಲ್ಲಿ, ವಾಲ್ ಸ್ಟ್ರೀಟಿನ ಚಳವಳಿಯ ಅಲೆ ಎಲ್ಲೆಡೆ ಹಬ್ಬಿದಾಗ, ಒಂದಷ್ಟು ಜನ ಇಲ್ಲಿ ಡೇರೆ ಹಾಕಿದರು. ಬಂಡವಾಳಶಾಹಿಯನ್ನು ಬೈಯಲು ಬ್ಯಾಂಕಿನ ಹೊಟ್ಟೆಯ ಕೆಳಗಿಗಿಂತ ಒಳ್ಳೆಯ ಜಾಗ ಬೇರೆಲ್ಲಿ? ಸೋಫಾ, ಪುಸ್ತಕದ ಕಪಾಟು, ಅಡುಗೆ, ಎಲ್ಲ ಬಂತು. ಉಳಿದ ದೇಶಗಳಲ್ಲಿ ಡೇರೆಗಳು ಬೇಗ ಎದ್ದವು, ಇಲ್ಲಿ ಹೆಚ್ಚುಕಡಿಮೆ ಹನ್ನೊಂದು ತಿಂಗಳು ನಿಂತವು. ಕೊನೆಗೆ ಬ್ಯಾಂಕು ಕೋರ್ಟಿಗೆ ಹೋಯಿತು, ಗೆದ್ದಿತು, ಸೆಪ್ಟೆಂಬರಿನಲ್ಲಿ ಅಮೀನರು ಬಂದು ಎಬ್ಬಿಸಿದರು. ಜನ ಹಾದುಹೋಗಲು ಬಿಟ್ಟ ಜಾಗ, ನೆಲೆ ನಿಲ್ಲಲು ಅಲ್ಲ. ವಾರಕ್ಕೊಂದು ದಿನ ರಟ್ಟು ಹಾಸಿ ಸಂಜೆ ಮಡಚಿಕೊಂಡು ಹೋದರೆ ಸಮಸ್ಯೆಯಿಲ್ಲ, ರಾತ್ರಿ ಮಲಗಿದರೆ ಸಮಸ್ಯೆ. ಫಾಸ್ಟರ್ ಅವರನ್ನು ಮೆಚ್ಚುವವರು ಇದನ್ನು ಸಾರ್ವಜನಿಕ ಅಂಗಳ ಅಂತ ಹೊಗಳುವಾಗಲೆಲ್ಲ ನನಗೆ ಈ ತೀರ್ಪು ನೆನಪಾಗುತ್ತದೆ. ಅವರ ಹೊಗಳಿಕೆ ಸುಳ್ಳಲ್ಲ, ಆದರೆ ಅದಕ್ಕೊಂದು ವೇಳಾಪಟ್ಟಿ ಇದೆ.

ತಮಾಷೆಯೆಂದರೆ ನಾವು ಎಲ್ಲೂ ಹೋಗುವುದಿಲ್ಲ ಅಂತ ಉಕ್ಕಿನಲ್ಲಿ ಬರೆದ ಬ್ಯಾಂಕು ಹೋಗಿಯೇಬಿಟ್ಟಿತು. 1992ರಲ್ಲಿ ಬ್ರಿಟನ್ನಿನ ಮಿಡ್‌ಲ್ಯಾಂಡ್ ಬ್ಯಾಂಕನ್ನು ಕೊಂಡುಕೊಂಡು, 1993ರಲ್ಲಿ ಇಡೀ ಸಮೂಹದ ಕೇಂದ್ರ ಕಚೇರಿಯನ್ನು ಲಂಡನ್ನಿಗೆ ಸಾಗಿಸಿದರು. ಕಟ್ಟಡ ಬಿಚ್ಚಲಿಲ್ಲ, ಸಹಿ ಹಾಕಿದರು, ಅಷ್ಟೆ. ಅಲ್ಲಿ ಕ್ಯಾನರಿ ವಾರ್ಫ್‌ನಲ್ಲಿ 2002ರಲ್ಲಿ ಸಿದ್ಧವಾದ ಗೋಪುರಕ್ಕೂ ಫಾಸ್ಟರ್ ಅವರೇ ವಾಸ್ತುಶಿಲ್ಪಿ, ಅದರ ಮುಂದೆಯೂ ಎರಡು ಸಿಂಹಗಳ ಪ್ರತಿಗಳು. ಅದು ನಲವತ್ತೈದು ಮಹಡಿಯ ಒಳ್ಳೆಯ ಕಟ್ಟಡ, ಅದರ ಬಗ್ಗೆ ಹೇಳಲು ನನಗೆ ಇನ್ನೇನೂ ಇಲ್ಲ. ಅದನ್ನೂ ಬಿಟ್ಟು ಲಂಡನ್ನಿನೊಳಗಿನ ಚಿಕ್ಕ ಕಚೇರಿಗೆ ಹೋಗುತ್ತೇವೆ ಅಂತ 2023ರಲ್ಲಿ ತಿಳಿಸಿದರು. ಹಾಂಕಾಂಗಿನದು ಮಾತ್ರ ಈಗಲೂ ಹಾಂಕಾಂಗ್ ಆಂಡ್ ಶಾಂಘೈ ಬ್ಯಾಂಕಿಂಗ್ ಕಾರ್ಪೊರೇಷನ್ನಿನ ಹೆಡ್ ಆಫೀಸು. ಊರಿನ ನೋಟುಗಳನ್ನು ಅಚ್ಚು ಹಾಕಿಸುವ ಬ್ಯಾಂಕುಗಳಲ್ಲಿ ಅದೂ ಒಂದು.

ಹೋಗುವವರಿಗೆ ಒಂದು ಮಾತು. ಮೆಟ್ರೋದಲ್ಲಿ ಸೆಂಟ್ರಲ್‌ಗೆ ಇಳಿದು ಕೆ ಅಕ್ಷರದ ದಾರಿ ಹಿಡಿದರೆ ನೇರ ಸ್ಟ್ಯಾಚ್ಯೂ ಸ್ಕ್ವೇರಿಗೆ ಬರುತ್ತೀರಿ. ವಾರದ ದಿನಗಳಲ್ಲಿ ಹೋದರೆ ಎಸ್ಕಲೇಟರ್ ಹತ್ತಿ ಗಾಜಿನ ತಳದ ಮೂಲಕ ಬ್ಯಾಂಕಿನ ಹಜಾರಕ್ಕೆ ಏರಬಹುದು. ಹತ್ತು ಮಹಡಿಯ ಆ ಖಾಲಿಯನ್ನು ಒಳಗಿನಿಂದ ನೋಡಲು ಅದೊಂದೇ ದಾರಿ, ಕೌಂಟರಿನಲ್ಲಿ ನಿಮಗೆ ಕೆಲಸವಿರಬೇಕೆಂದಿಲ್ಲ. ಭಾನುವಾರ ಮೇಲಕ್ಕೆ ಬಿಡುವುದಿಲ್ಲ. ಒಂದೇ ದಿನ ಬಿಡುವಿದ್ದರೆ ಭಾನುವಾರವೇ ಹೋಗಿ.